ಶುಶ್ರೂಷೆಯ ಕಾಯಕ ಮತ್ತು ಪಂಚಸೂತಕ

ಉಡುಪಿ, ಕಾಪು, ಕಾರ್ಕಳಗಳ ಅನೇಕ ಮನೆಗಳಲ್ಲಿ ಇಂದು ಪರದೇಶದ ಮಾತು ಸಾಮಾನ್ಯ. ಮಣಿಪಾಲದಲ್ಲಿ ಕಲಿತ ವೈದ್ಯರು, ದಾದಿಯರು, ಪ್ರಯೋಗಶಾಲೆಯ ತಂತ್ರಜ್ಞರು ಕೊಲ್ಲಿ ರಾಷ್ಟ್ರಗಳಲ್ಲಿಯೂ ಇಂಗ್ಲೆಂಡ್, ಅಮೆರಿಕಗಳಲ್ಲಿಯೂ ರೋಗಿಗಳ ಸೇವೆಯಲ್ಲಿ ನಿರತರಾಗಿದ್ದಾರೆ. ಇವರು ಒಯ್ದ ಭಾರತೀಯ ಪರಂಪರೆ ಯಾವುದೆಂದು ಕೇಳಿದರೆ ಹಬ್ಬ, ಭಜನೆ, ಊಟ, ಉಡುಗೆಗಳನ್ನು ಹೆಸರಿಸುವುದು ರೂಢಿ. ಅವು ಬೆಲೆಯುಳ್ಳವೇ ಸರಿ. ಆದರೆ ರೋಗಿಯ ಮಂಚದ ಬಳಿ ನಿಂತವರ ಕೈಯನ್ನು ನಡೆಸುವ ಮೌಲ್ಯ ಅವುಗಳಿಗಿಂತ ಆಳದಲ್ಲಿದೆ. ಶರಣಧರ್ಮದ ಪಂಚಸೂತಕ ನಿರಾಕರಣೆಯೂ ಕಾಯಕತತ್ತ್ವವೂ ಅದನ್ನು ಅರಿಯಲು ನಮಗೆ ನೆರವಾಗುತ್ತವೆ.

ರೋಗೋಪಚಾರವನ್ನು ಧರ್ಮದೊಡನೆ ಬೆಸೆಯುವುದು ಈ ಸೀಮೆಗೆ ಹೊಸತಲ್ಲ. 1432ರಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಕಾರ್ಕಳದ ಜೈನ ಪರಂಪರೆಯಲ್ಲಿ ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವೂ ಚತುರ್ವಿಧ ದಾನಗಳಲ್ಲಿ ಸೇರಿದೆ. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆಗಳೆಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಯುತ್ತದೆ. ಮಾರಿಯಾದರೋ ಸಾಂಕ್ರಾಮಿಕ ರೋಗಗಳಿಂದ ಊರನ್ನು ಕಾಯುವ ತಾಯಿಯೆಂದು ಜನರ ನಂಬಿಕೆ. ಆಧುನಿಕ ಕಾಲದಲ್ಲಿ, 1923ರಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1990ರಲ್ಲಿ ಅಲ್ಲಿಯೇ ಶುಶ್ರೂಷಾ ಕಾಲೇಜು ಆರಂಭವಾಯಿತು.

ಔಷಧವನ್ನು ಕೊಡುವುದು ಬೇರೆ, ರೋಗಿಯ ದೇಹವನ್ನು ತೊಳೆಯುವುದು ಬೇರೆ. ವೈದ್ಯನಿಗೆ ಮಣೆ ಹಾಕಿದ ಸಮಾಜವೇ ಸೂಲಗಿತ್ತಿಯನ್ನು ಹೊರಜಗಲಿಯಲ್ಲಿ ನಿಲ್ಲಿಸಿತ್ತು. ಹಿಂದೂ ಮನೆತನಗಳು ಮಗಳನ್ನು ದಾದಿಯ ವೃತ್ತಿಗೆ ಕಳುಹಿಸಲು ಬಹುಕಾಲ ಹಿಂಜರಿದವು. ಆ ಭಾರವನ್ನು ಮೊದಲು ಹೊತ್ತವರು ಬಹುಮಟ್ಟಿಗೆ ಕ್ರೈಸ್ತ ಸಹೋದರಿಯರು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಈ ಹಿಂಜರಿಕೆಯ ಮುಖ್ಯ ಕಾರಣಗಳಲ್ಲಿ ಸೂತಕಭಾವನೆಯೂ ಒಂದು.

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಇವೇ ಪಂಚಸೂತಕಗಳು. ಇಷ್ಟಲಿಂಗವನ್ನು ಧರಿಸಿದವರಿಗೆ ಇವು ಐದೂ ಇಲ್ಲವೆಂಬುದು ವೀರಶೈವ ಸಿದ್ಧಾಂತ. ಈಗ ದಾದಿಯೊಬ್ಬಳ ಒಂದು ದಿನವನ್ನು ನೋಡೋಣ. ಹೆರಿಗೆಯ ಕೋಣೆಯಲ್ಲಿ ಜನನ, ತುರ್ತುವಿಭಾಗದಲ್ಲಿ ಮರಣ, ಹೆಣ್ಣುಮಕ್ಕಳ ಆರೈಕೆಯಲ್ಲಿ ರಜಸ್ಸು, ಉಣ್ಣಲಾರದವನಿಗೆ ಉಣಿಸಿ ಬಾಯಿ ಒರೆಸುವಾಗ ಉಚ್ಛಿಷ್ಟ, ಯಾರ ಮೈಯನ್ನಾದರೂ ಮುಟ್ಟಲೇಬೇಕಾದುದರಿಂದ ಜಾತಿ. ಶಾಸ್ತ್ರಾಭ್ಯಾಸಿಗಳು ಗ್ರಂಥಗಳಲ್ಲಿ ಓದುವ ಪಂಚಸೂತಕ ನಿರಾಕರಣೆಯನ್ನು ಈಕೆ ಒಂದೇ ಪಾಳಿಯಲ್ಲಿ ಆಚರಿಸಿ ಮುಗಿಸಿರುತ್ತಾಳೆ.

ಶುಚಿತ್ವದ ನಿಯಮಕ್ಕೂ ಸೂತಕಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸತಕ್ಕದ್ದು. ಕೈ ತೊಳೆದರೆ ರೋಗಾಣು ಹೋಗುತ್ತದೆ; ಸೂತಕಭಾವನೆಯಾದರೋ ತೊಳೆದ ಕೈಗೂ ಅಂಟಿಕೊಂಡಿರುತ್ತದೆ. 2020ರ ಕೊರೋನಾ ಪಿಡುಗಿನಲ್ಲಿ ಬಂಧುಗಳು ಹತ್ತಿರ ಬರಲಾಗದೆ ಹೋದಾಗ ಎಷ್ಟೋ ರೋಗಿಗಳ ಕೊನೆಯ ಗಳಿಗೆಯಲ್ಲಿ ಕೈ ಹಿಡಿದವರು ದಾದಿಯರೇ. ಆ ಕೈಗೆ ಕವಚವಿತ್ತು, ಅಸಹ್ಯವಿರಲಿಲ್ಲ.

ರಾತ್ರಿಪಾಳಿಯ ದುಡಿಮೆಯಲ್ಲಿ ಪೂಜೆಯ ಹೊತ್ತು ತಪ್ಪಿತಲ್ಲಾ ಎಂಬ ಕೊರಗು ಪರದೇಶದಲ್ಲಿರುವ ಭಕ್ತರನ್ನು ಕಾಡುವುದುಂಟು. ಕಾಯಕದಲ್ಲಿ ನಿರತನಾದವನು ಗುರುದರ್ಶನ, ಲಿಂಗಪೂಜೆಗಳನ್ನು ಮರೆತರೂ ದೋಷವಿಲ್ಲವೆಂಬ ನಿಲುವು ಆಯ್ದಕ್ಕಿ ಮಾರಯ್ಯನದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದೂ ಸ್ಮರಣೀಯ. ಆದರೆ ಸಂಬಳ ತರುವ ದುಡಿಮೆಯೆಲ್ಲವೂ ಕಾಯಕವಲ್ಲ. ಪ್ರಾಮಾಣಿಕತೆಯೂ ದಾಸೋಹಭಾವವೂ ಕೂಡಿದಾಗಲೇ ಅದಕ್ಕೆ ಆ ಹೆಸರು ಸಲ್ಲುತ್ತದೆ. ದೂರದೇಶದ ರೋಗಿಯನ್ನು ತನ್ನವನೆಂದು ಕಾಣುವ ದಾದಿ ಗಳಿಕೆಯ ಜೊತೆಗೆ ದಾಸೋಹವನ್ನೂ ನಡೆಸುತ್ತಿದ್ದಾಳೆ.

ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಎಂಬಲ್ಲಿ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದಕ್ಕಾಗಿ ಶ್ರಮಿಸಿದ ಡಾ. ನೀರಜ್ ಪಾಟೀಲರು ಕಲಬುರಗಿ ಮೂಲದ ವೈದ್ಯರು, ಲ್ಯಾಂಬೆತ್‌ನ ಮಾಜಿ ಮೇಯರ್. ಅದೇ ದಡದಲ್ಲಿ ಸ್ವಲ್ಪ ಮುಂದೆ ಸೇಂಟ್ ಥಾಮಸ್ ಆಸ್ಪತ್ರೆಯಿದೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಶುಶ್ರೂಷಾ ಶಾಲೆ 1860ರಲ್ಲಿ ಆರಂಭವಾದುದು ಆ ಆಸ್ಪತ್ರೆಯಲ್ಲಿಯೇ. ದೇಹಸೇವೆಯ ಕೆಲಸಕ್ಕೆ ಘನತೆ ತಂದ ಇಬ್ಬರ ಸ್ಮರಣೆ ಹೀಗೆ ಒಂದೇ ತೀರದಲ್ಲಿ ಕೂಡಿದೆ.

ಇನ್ನು ನಮ್ಮ ಮನೆಗಳತ್ತ ನೋಡಬೇಕು. ದಾದಿ ಕಳುಹಿಸಿದ ಹಣದಿಂದ ಮನೆ ಕಟ್ಟಿ, ತಮ್ಮಂದಿರನ್ನು ಓದಿಸಿದ ಮೇಲೆಯೂ, ಮದುವೆಯ ಮಾತು ಬಂದಾಗ ಅವಳ ವೃತ್ತಿಯನ್ನು ಮೆಲ್ಲನೆ ಮರೆಮಾಚುವ ಕುಟುಂಬಗಳು ಇನ್ನೂ ಇವೆ. ಲಿಂಗವನ್ನು ಧರಿಸಿಯೂ ಆ ಕೈಯನ್ನು ಹಗುರವಾಗಿ ಕಂಡರೆ ಸೂತಕ ಉಳಿದಿರುವುದು ನಮ್ಮ ಮನಸ್ಸಿನಲ್ಲಿಯೇ. ಪರದೇಶದಲ್ಲಿರುವ ಮಕ್ಕಳಿಗೆ ಪರಂಪರೆಯನ್ನು ಉಳಿಸಿಕೊಳ್ಳಿರೆಂದು ಬೋಧಿಸುವ ಹಿರಿಯರು, ಅವರು ನಿತ್ಯವೂ ಬದುಕುತ್ತಿರುವ ಪರಂಪರೆಯನ್ನು ಮೊದಲು ಗುರುತಿಸಿ ಗೌರವಿಸಬೇಕು.