ಕೈ ನಡುಗುವ ಮೊದಲೇ

ಪಾರ್ಕಿನ್‌ಸನ್ ಕಾಯಿಲೆ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮುಂಚೆ ಮೆದುಳು ತನ್ನ ದಾರಿಗಳನ್ನು ಬದಲಿಸಿಕೊಂಡಿರುತ್ತದೆ. ಬಾಂದ್ರಾದ ಒಂದು ಮನೆಯಲ್ಲಿ ಕಂಡದ್ದು, ವಿಜ್ಞಾನ ಹೇಳಿದ್ದು.

ಲೋಕಲ್ ರೈಲು ಮಾಹಿಮ್ ಬಿಟ್ಟು ಬಾಂದ್ರಾ ಕಡೆಗೆ ಹೊರಟರೆ ಮಿಠಿ ನದಿಯ ಖಾಡಿ ಬರುತ್ತದೆ. ಕಣ್ಣು ಮುಚ್ಚಿ ತೂಕಡಿಸುವವರಿಗೂ ಅದು ಬಂತೆಂದು ಮೂಗು ಹೇಳುತ್ತದೆ. ಕುಂದಾಪುರದ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಮುಂಬೈಗೆ ಬಂದು, ಬಾಂದ್ರಾ ಪೂರ್ವದಲ್ಲಿ ಸಂಸಾರ ಹೂಡಿದ ನನ್ನ ಸೋದರಮಾವ ನಲವತ್ತು ವರ್ಷ ದಿನಕ್ಕೆರಡು ಸಲ ಆ ಗಾಳಿ ಕುಡಿದವರು. ಒಂದು ಸಂಜೆ ಅವರ ಜೊತೆ ಬರುತ್ತಿದ್ದೆ. ಸುತ್ತ ನಿಂತವರೆಲ್ಲ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಮಾವ ಬಾಗಿಲ ಕಂಬಿ ಹಿಡಿದು ಹೇಳಿದರು: "ಖಾಡಿ ವಾಸನೆ ಈಗ ಇಲ್ಲವೇ ಇಲ್ಲ ಮಾರಾಯ. ಒಳ್ಳೆ ಕ್ಲೀನ್ ಮಾಡಿದ್ದಾರೆ."

ಆ ಮಾತಿನ ಅರ್ಥ ತಿಳಿಯಲು ನಮಗೆ ಇನ್ನೂ ಐದು ವರ್ಷ ಬೇಕಾಯಿತು.

ನಡುವೆ ಏನೆಲ್ಲ ಆಯಿತು. ಹೋಟೆಲಿನ ಲೆಕ್ಕ ಬರೆಯುತ್ತ ಬಾಳಿದವರ ದುಂಡು ಅಕ್ಷರ ಇರುವೆ ಸಾಲಿನಂತೆ ಸಣ್ಣದಾಯಿತು. ಸಹಿ ಹೊಂದುತ್ತಿಲ್ಲವೆಂದು ಚೆಕ್ ಎರಡು ಸಲ ವಾಪಸು ಬಂತು. ರಾತ್ರಿ ಕನಸಿನಲ್ಲಿ ಯಾರೊಂದಿಗೋ ಹೊಡೆದಾಡುವಂತೆ ಕೈಕಾಲು ಬೀಸುತ್ತಾರೆ ಎಂದು ಅತ್ತೆ ಬೇರೆ ಮಂಚ ಹಾಕಿಸಿಕೊಂಡರು. ಬಲಭುಜ ನೋಯುತ್ತದೆ ಎಂದಾಗ ಭುಜ ಹಿಡಿದಿದೆ ಎಂಬ ಉತ್ತರ ಸಿಕ್ಕಿ, ತಿಂಗಳುಗಟ್ಟಲೆ ಶಾಖ ಕೊಡುವುದೇ ಆಯಿತು. ಕಾರ್ಟರ್ ರೋಡಿನ ಸಮುದ್ರದ ದಂಡೆಯಲ್ಲಿ ಬೆಳಗಿನ ವಾಕಿಂಗ್ ಹೊತ್ತಿಗೆ ಎಡಗೈ ಬೀಸುತ್ತಿತ್ತು, ಬಲಗೈ ಜೋತು ಬಿದ್ದಿರುತ್ತಿತ್ತು. "ವಯಸ್ಸಾಯ್ತಲ್ಲ" ಎಂದೆವು, ಎಲ್ಲರೂ. ಕೈ ನಡುಗಿದ್ದು ಕೊನೆಗೆ. ನಾವು ಡಾಕ್ಟರ ಬಳಿ ಓಡಿದ್ದೂ ಆಗಲೇ. ಪಾರ್ಕಿನ್‌ಸನ್ ಎಂದರು ಅವರು. ಖಾಡಿ ಸ್ವಚ್ಛವಾಗಿರಲಿಲ್ಲ, ಮಾವನ ಮೂಗು ವಾಸನೆ ಹಿಡಿಯುವುದನ್ನು ಬಿಟ್ಟಿತ್ತು. ಇವೆಲ್ಲ ಆ ಕಾಯಿಲೆಯ ಮುನ್ಸೂಚನೆಗಳಾಗಿದ್ದವು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. ನಡುಮೆದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ ನರಕೋಶಗಳು ಸಾಯುತ್ತವೆಂಬುದು ಖಚಿತವಾಗಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಆ ಕೋಶಗಳು ತಯಾರಿಸುವ ಡೋಪಮಿನ್ ಎಂಬ ರಾಸಾಯನಿಕ ಮೆದುಳಿನ ಆಳದಲ್ಲಿರುವ ಪ್ಯುಟಮೆನ್ ಎಂಬ ಭಾಗಕ್ಕೆ ಹೋಗಿ ಸೇರಬೇಕು. ನಡಿಗೆ ನಿಧಾನವಾಗಿ, ಕೈ ಬಿಗಿದು, ಡಾಕ್ಟರ ಕಣ್ಣಿಗೆ ರೋಗ ಕಾಣುವ ಹೊತ್ತಿಗೆ ಅಲ್ಲಿನ ಡೋಪಮಿನ್ ಅರ್ಧಕ್ಕಿಂತ ಹೆಚ್ಚು ಬರಿದಾಗಿರುತ್ತದೆ. ಅಷ್ಟು ಬರಿದಾಗುವ ತನಕ ಮನುಷ್ಯ ರೈಲು ಹತ್ತಿ ಇಳಿದು, ಲೆಕ್ಕ ಬರೆದು, ಮನೆ ನಡೆಸಿದ್ದು ಹೇಗೆ? ನನಗೆ ನಿದ್ದೆ ಕೆಡಿಸಿದ ಪ್ರಶ್ನೆ ಇದು.

ಉತ್ತರ ಇರುವುದು ಮೆದುಳಿನ ಜಾಲದಲ್ಲಿ. 1995ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಭರತ್ ಬಿಸ್ವಾಲ್ ಎಂಬ ಯುವ ಸಂಶೋಧಕ, ಬೆರಳನ್ನೂ ಅಲುಗಿಸದೆ ಸುಮ್ಮನೆ ಮಲಗಿದ್ದವರ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ಗಮನಿಸಿದರು. ಚಲನೆಯನ್ನು ನಡೆಸುವ ಎಡ ಬಲ ಭಾಗಗಳು ಆಗಲೂ ಒಂದೇ ಲಯದಲ್ಲಿ ಏರಿಳಿಯುತ್ತಿದ್ದವು. ಒಟ್ಟಿಗೆ ದುಡಿಯುವ ಭಾಗಗಳು ವಿಶ್ರಾಂತಿಯಲ್ಲೂ ಪರಸ್ಪರ ಮಾತು ಬಿಟ್ಟಿರುವುದಿಲ್ಲ. ಈ ಮಾತುಕತೆಯನ್ನು ಅಳೆದರೆ ಯಾವ ದಾರಿ ತೆರೆದಿದೆ, ಯಾವುದು ಸೊರಗಿದೆ ಎಂದು ಊಹಿಸಬಹುದು.

ಪಾರ್ಕಿನ್‌ಸನ್ ರೋಗಿಗಳನ್ನು ಹಾಗೆ ಅಳೆದವರಲ್ಲಿ ನೆದರ್ಲೆಂಡ್ಸ್‌ನ ರಿಕ್ ಹೆಲ್ಮಿಕ್ ಮತ್ತು ಸಂಗಡಿಗರ 2010ರ ಕೆಲಸ ಮುಖ್ಯವಾದದ್ದು. ಪ್ಯುಟಮೆನ್‌ನ ಹಿಂಭಾಗದಲ್ಲಿ ಡೋಪಮಿನ್ ಮೊದಲು ಬತ್ತುತ್ತದೆ. ಮೆದುಳಿನ ಹೊರಪದರದ ಕೆಲವು ಭಾಗಗಳು ಆ ಹಿಂಭಾಗದೊಂದಿಗಿನ ನಂಟು ಸಡಿಲಿಸಿ, ಇನ್ನೂ ಡೋಪಮಿನ್ ಉಳಿದಿರುವ ಮುಂಭಾಗದೊಂದಿಗೆ ನಂಟು ಬಿಗಿಮಾಡಿಕೊಂಡಿದ್ದು ಅವರಿಗೆ ಕಂಡಿತು. ಪಶ್ಚಿಮ ರೈಲ್ವೆಯಲ್ಲಿ ಭಾನುವಾರ ಹಳಿ ರಿಪೇರಿಯ ಜಂಬೋ ಬ್ಲಾಕ್ ಇದ್ದಾಗ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರಲ್ಲ, ಹಾಗೆ. ಬಾಂದ್ರಾ ತಲುಪುತ್ತೀರಿ, ಆದರೆ ತಡವಾಗಿ. ಆ ಸ್ಲೋ ಹಳಿಯ ಮೇಲೆ ತನ್ನ ಗಾಡಿಗಳ ಭಾರವೂ ಇರುತ್ತದೆ.

ಈ ಭಾರ ಎಂಥದ್ದೆಂಬುದು ಮನೆಯವರಿಗೆ ತಿಳಿಯಬೇಕು. ಪ್ಯುಟಮೆನ್‌ನ ಹಿಂಭಾಗ ರೂಢಿಯ ಮನೆ. ನಡೆಯುವುದು, ಗುಂಡಿ ಹಾಕುವುದು, ಸಹಿ ಮಾಡುವುದು ಇಂಥವು ಯೋಚಿಸದೆ ಆಗುವುದು ಅದರಿಂದ. ರೋಗ ಮೊದಲು ಕಸಿಯುವುದು ಈ ರೂಢಿಯನ್ನೇ. ಆಗ ಪ್ರತಿ ಹೆಜ್ಜೆಯನ್ನೂ ಗಮನ ಕೊಟ್ಟು ಇಡಬೇಕಾಗುತ್ತದೆ. ಟಾವ್ ವು ಮತ್ತು ಮಾರ್ಕ್ ಹ್ಯಾಲೆಟ್ 2005ರಲ್ಲಿ ತೋರಿಸಿದ್ದೂ ಇದನ್ನು. ಅಭ್ಯಾಸ ಮಾಡಿಸಿದರೆ ರೋಗಿಗಳೂ ಬೆರಳಿನ ಕೆಲಸವನ್ನು ಕಲಿಯುತ್ತಾರೆ. ಆದರೆ ಅದೇ ಕೆಲಸಕ್ಕೆ ಅವರ ಕಿರುಮೆದುಳೂ ಹೊರಪದರದ ಭಾಗಗಳೂ ಉಳಿದವರಿಗಿಂತ ಹೆಚ್ಚು ದುಡಿಯುತ್ತವೆ. ಮಾವ ಚಹಾ ಲೋಟ ಹಿಡಿದು ನಡೆಯುವಾಗ ಅತ್ತೆ ಏನಾದರೂ ಕೇಳಿದರೆ ನಿಂತುಬಿಡುತ್ತಿದ್ದರು. ಕಿವಿ ಮಂದವಾಗಿದೆ, ಮನಸ್ಸಿಲ್ಲ ಎಂದು ನಾವು ತಿಳಿದಿದ್ದೆವು. ನಡಿಗೆ, ಲೋಟ, ಉತ್ತರ ಮೂರೂ ಒಂದೇ ಹಳಿಗೆ ಬಂದಿದ್ದವು. ಸಂಜೆಯಾಗುತ್ತಲೇ ಅವರು ಅಷ್ಟು ಸೋಲುತ್ತಿದ್ದುದನ್ನೂ ಸೋಮಾರಿತನ ಎನ್ನಬಾರದಿತ್ತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಉದಯ್ ಮುಥಾನೆ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಭಾರತೀಯರ ಕಪ್ಪು ಪಟ್ಟಿಯಲ್ಲಿ ಆ ನರಕೋಶಗಳ ಸಂಖ್ಯೆ ಬ್ರಿಟಿಷರಿಗಿಂತ ಸುಮಾರು ಶೇಕಡ 40 ಕಡಿಮೆ. ವಯಸ್ಸಾದಂತೆ ಅವು ಇನ್ನಷ್ಟು ಇಳಿಯುತ್ತಲೂ ಇರಲಿಲ್ಲ. 2009ರಲ್ಲಿ ಫಾಲ್ಗುಣಿ ಅಲ್ಲಾಡಿ ಮುಂತಾದವರು ಮತ್ತೆ ನೋಡಿದಾಗಲೂ ವಯಸ್ಸಿನ ಸವಕಳಿ ಕಾಣಲಿಲ್ಲ. ಕೋಶಗಳು ಕಡಿಮೆಯಿದ್ದೂ ನಮ್ಮಲ್ಲಿ ಕಾಯಿಲೆ ಪಶ್ಚಿಮದವರಿಗಿಂತ ಹೆಚ್ಚಿಲ್ಲ. ಕೋಶಗಳ ತಲೆ ಎಣಿಕೆಯೊಂದೇ ಕಥೆಯಲ್ಲ. ಇದ್ದವು ಹೇಗೆ ಕೂಡಿ ನಡೆಯುತ್ತವೆ ಎಂಬುದೂ ಅಷ್ಟೇ ದೊಡ್ಡದು ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಇದನ್ನು ಓದಿದ ಮೇಲೆ. "ವಯಸ್ಸಾಯ್ತಲ್ಲ" ಎಂಬ ಮಾತು ಎಷ್ಟು ಪೊಳ್ಳು ಎಂದು ತಿಳಿದದ್ದೂ ಆಗಲೇ.

ಇನ್ನು ನಡುಕ. ಅದರ ಹಿಂದೆ ಕಿರುಮೆದುಳು ಮತ್ತು ಮೆದುಳಿನ ಆಳದ ಥಲಾಮಸ್ ಎಂಬ ಭಾಗ ಇರುವ ಬೇರೆಯೇ ಸುತ್ತು ಇದೆ. ಎಲ್ಲ ರೋಗಿಗಳಿಗೂ ಕೈ ನಡುಗುವುದಿಲ್ಲ. ನಡುಗಲಿ ಎಂದು ಕಾಯುವುದು ತಪ್ಪು.

ಹಾಗೆಂದು ಮೆದುಳಿನ ಜಾಲ ತೋರಿಸಿ ಎಂದು ಸ್ಕ್ಯಾನ್ ಸೆಂಟರಿಗೆ ಹೋಗುವ ಅಗತ್ಯವಿಲ್ಲ. ಈ ಅಳತೆಗಳು ಗುಂಪುಗಳ ಸರಾಸರಿ ಹೇಳುತ್ತವೆ, ಒಬ್ಬರ ರೋಗವನ್ನು ತೀರ್ಮಾನಿಸುವುದಿಲ್ಲ. ಇವತ್ತಿಗೂ ನರರೋಗ ತಜ್ಞರು ಎದುರಿಗೆ ಕೂರಿಸಿ, ಬೆರಳು ತಟ್ಟಿಸಿ, ನಡೆಸಿ ನೋಡುವುದೇ ಪರೀಕ್ಷೆ.

ರೋಗವನ್ನು ನಿಲ್ಲಿಸುವ ಔಷಧ ಇಲ್ಲ. ಲಕ್ಷಣ ತಗ್ಗಿಸುವ ಲೆವೊಡೋಪಾ ಇದೆ. ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಮ್ಮ ನಸುಗುನ್ನಿ ಬೀಜದಿಂದ ಆ ವಸ್ತುವನ್ನು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿದ್ದರು. ಮಾತ್ರೆಯ ಜೊತೆ ಯಾರೋ ಹೇಳಿದರೆಂದು ಅದರ ಪುಡಿಯನ್ನೂ ತಿನ್ನಬೇಡಿ, ಪ್ರಮಾಣ ಕೈ ಮೀರುತ್ತದೆ. ಉಳಿದದ್ದು ವ್ಯಾಯಾಮ ಮತ್ತು ತಾಳ. ಒಳಗಿನ ಲಯ ತಪ್ಪಿದವರಿಗೆ ಹೊರಗಿನ ಲಯ ಬೇರೆ ದಾರಿಯಿಂದ ಕಾಲು ಎತ್ತಿಸುತ್ತದೆ. ಚಪ್ಪಾಳೆ, ಹಾಡು, ನೆಲದ ಮೇಲಿನ ಗೆರೆಗಳು ಸಾಕು. ಮುಂಬೈನಲ್ಲಿ 2001ರಲ್ಲಿ ನರರೋಗ ತಜ್ಞ ಭೀಮ್ ಸೇನ್ ಸಿಂಘಾಲ್ ಅವರು ಕಟ್ಟಿದ ಪಾರ್ಕಿನ್‌ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿ ಇಂಥದ್ದನ್ನು ಕಲಿಸುತ್ತ ಬಂದಿದೆ. ಮಾವ ಈಗಲೂ ಕಾರ್ಟರ್ ರೋಡಿಗೆ ಹೋಗುತ್ತಾರೆ. ಪಕ್ಕದಲ್ಲಿ ಅತ್ತೆ ಒಂದು, ಎರಡು ಎಂದು ಎಣಿಸುತ್ತ ನಡೆಯುತ್ತಾರೆ.

ನಮ್ಮ ಆ ಐದು ವರ್ಷ ಮರಳಿ ಬರುವುದಿಲ್ಲ. ನೀವು ಇವತ್ತೇ ಮನೆಯ ಹಿರಿಯರ ಹಳೆಯ ಸಹಿಯೊಂದನ್ನು ಹುಡುಕಿ ತೆಗೆಯಿರಿ. ಹೊಸದೊಂದನ್ನು ಹಾಕಿಸಿ ಪಕ್ಕಕ್ಕಿಟ್ಟು ನೋಡಿ. ಅಕ್ಷರ ಕುಗ್ಗಿದ್ದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ, ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.