ಚಾಲನಾ ಪರವಾನಗಿಗೆ ಯಾರು ಅರ್ಹರು?

ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಆದೋನಿ ಮತ್ತು ಆಲೂರು ತಾಲ್ಲೂಕುಗಳು ಹಿಂದೆ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದರ ಪಾಲಿಗೆ ಬಂದವು. ಗಡಿ ಬದಲಾದರೂ ಜನರ ಓಡಾಟ ಬದಲಾಗಲಿಲ್ಲ. ಕೌತಾಳಂ, ಹೊಳಗುಂದ, ಹಾಲಹರ್ವಿಗಳ ಕನ್ನಡ ಮನೆತನಗಳಿಗೆ ಸಿರುಗುಪ್ಪ, ಬಳ್ಳಾರಿಗಳ ನಂಟು ಇಂದಿಗೂ ಇದೆ. ಮಂತ್ರಾಲಯದ ಕಡೆಯವರು ತುಂಗಭದ್ರೆ ದಾಟಿ ರಾಯಚೂರಿಗೆ ಹೋಗಿ ಬರುತ್ತಾರೆ. ಹೀಗೆ ಎರಡು ರಾಜ್ಯಗಳ ರಸ್ತೆಗಳಲ್ಲಿ ವಾಹನ ನಡೆಸುವವರಿಗೆ ಅನ್ವಯಿಸುವ ಮೂಲ ಕಾನೂನು ಮಾತ್ರ ಒಂದೇ. 1988ರ ಮೋಟಾರು ವಾಹನಗಳ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಇಡೀ ದೇಶಕ್ಕೆ ಅನ್ವಯವಾಗುವುದರಿಂದ, ಪರವಾನಗಿಯ ಅರ್ಹತೆ ಗಡಿಯ ಎರಡೂ ಬದಿಗೆ ಸಮಾನವಾಗಿದೆ.

ವಯಸ್ಸು

ಕಾಯ್ದೆಯ 4ನೆಯ ಕಲಮಿನ ಪ್ರಕಾರ ಮೋಟಾರು ವಾಹನ ನಡೆಸಲು 18 ವರ್ಷ ತುಂಬಿರಬೇಕು. ಸರಕು ಅಥವಾ ಪ್ರಯಾಣಿಕರನ್ನು ಬಾಡಿಗೆಗೆ ಸಾಗಿಸುವ ಲಾರಿ, ಬಸ್ಸುಗಳಂತಹ ವಾಹನಗಳನ್ನು ಕಾನೂನು ಸಾರಿಗೆ ವಾಹನಗಳೆಂದು ಕರೆಯುತ್ತದೆ. ಅವುಗಳಿಗೆ ಕನಿಷ್ಠ ವಯಸ್ಸು 20. ಎಂಜಿನ್ ಸಾಮರ್ಥ್ಯ 50 ಸಿ.ಸಿ. ಮೀರದ ದ್ವಿಚಕ್ರ ವಾಹನವನ್ನು 16 ವರ್ಷ ತುಂಬಿದವರು ನಡೆಸಬಹುದಾದರೂ, ಅದಕ್ಕೆ ಪಾಲಕರ ಲಿಖಿತ ಒಪ್ಪಿಗೆ ಬೇಕು. ಈ ವಿನಾಯಿತಿಯನ್ನು ಗೇರಿಲ್ಲದ ಎಲ್ಲ ಸ್ಕೂಟರುಗಳಿಗೂ ಹೊಂದಿಸಿಕೊಳ್ಳುವುದು ತಪ್ಪು, ಏಕೆಂದರೆ ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಪೆಟ್ರೋಲ್ ಸ್ಕೂಟರುಗಳ ಎಂಜಿನ್ ಸಾಮಾನ್ಯವಾಗಿ 100 ಸಿ.ಸಿ.ಗಿಂತ ದೊಡ್ಡದು.

2019ರ ತಿದ್ದುಪಡಿಯು ಈ ನಿಯಮದ ಭಾರವನ್ನು ಹಿರಿಯರ ಮೇಲೂ ಹೊರಿಸಿತು. ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು, ವಾಹನದ ನೋಂದಣಿಯನ್ನು 12 ತಿಂಗಳು ರದ್ದುಪಡಿಸಲು ಅವಕಾಶವಿದೆ. ಅಂತಹ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ.

ದೇಹಸ್ಥಿತಿ

ಅರ್ಜಿದಾರರು ನಮೂನೆ 1ರಲ್ಲಿ ತಮ್ಮ ಆರೋಗ್ಯದ ಬಗ್ಗೆ ತಾವೇ ಘೋಷಣೆ ಬರೆದುಕೊಡಬೇಕು. ಮೂರ್ಛೆರೋಗವಿದೆಯೇ, ಇರುಳುಗುರುಡು ಇದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ವಾಹನದ ನಂಬರ್ ಪ್ಲೇಟು ಕಾಣುತ್ತದೆಯೇ ಎಂಬಂತಹ ಪ್ರಶ್ನೆಗಳು ಅದರಲ್ಲಿರುತ್ತವೆ. ಸಾರಿಗೆ ವಾಹನದ ಪರವಾನಗಿ ಬೇಕಾದವರು ಇದರೊಂದಿಗೆ ನೋಂದಾಯಿತ ವೈದ್ಯರು ನಮೂನೆ 1ಎಯಲ್ಲಿ ಕೊಡುವ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ದೈಹಿಕ ಕೊರತೆಯುಳ್ಳವರನ್ನೆಲ್ಲ ಒಟ್ಟಾಗಿ ಹೊರಗಿಡುವ ಧೋರಣೆ ಈಚೆಗೆ ಸಡಿಲಗೊಂಡಿದ್ದು, 2020ರ ಜೂನ್‌ನಲ್ಲಿ ತಂದ ತಿದ್ದುಪಡಿಯ ನಂತರ ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆಯುಳ್ಳವರೂ ಅರ್ಹರಾಗಿದ್ದಾರೆ. ಕೈಕಾಲಿನ ಊನವುಳ್ಳವರು ತಮಗೆ ಹೊಂದುವಂತೆ ಮಾರ್ಪಡಿಸಿದ ವಾಹನಕ್ಕೆ ಪರವಾನಗಿ ಪಡೆಯಬಹುದು.

ಓದು ಬೇಕೆ?

ಪಶ್ಚಿಮ ಕರ್ನೂಲಿನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ ಬದಲಾವಣೆ ಶಾಲಾ ಶಿಕ್ಷಣಕ್ಕೆ ಸಂಬಂಧಿಸಿದ್ದು. ಸಾರಿಗೆ ವಾಹನದ ಪರವಾನಗಿಗೆ ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ಷರತ್ತು ಕೇಂದ್ರ ನಿಯಮಗಳಲ್ಲಿ 2007ರಿಂದ ಜಾರಿಯಲ್ಲಿತ್ತು. ಮಳೆಯನ್ನೇ ನಂಬಿದ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಮಂಡಲಗಳಲ್ಲಿ ಸುಗ್ಗಿ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆಗೆ ಗುಳೆ ಹೋಗುವುದು ರೂಢಿ. ಹಾಗೆ ಹೋದ ಮಕ್ಕಳ ಶಾಲೆ ನಡುವೆಯೇ ನಿಲ್ಲುವುದರಿಂದ, ಟ್ರಾಕ್ಟರ್ ಓಡಿಸುವುದನ್ನು ಹೊಲದಲ್ಲೇ ಚೆನ್ನಾಗಿ ಕಲಿತ ಯುವಕನಿಗೂ ಲಾರಿಯ ಕೆಲಸದ ಬಾಗಿಲು ಈ ಷರತ್ತಿನಿಂದಾಗಿ ಮುಚ್ಚಿರುತ್ತಿತ್ತು. ಇಂತಹುದೇ ಸ್ಥಿತಿಯಲ್ಲಿದ್ದ ಮೇವಾತ್ ಪ್ರದೇಶದ ಚಾಲಕರಿಗಾಗಿ ಹರಿಯಾಣ ಸರಕಾರ ವಿನಾಯಿತಿ ಕೋರಿದಾಗ, ಕೇಂದ್ರ ಸಾರಿಗೆ ಸಚಿವಾಲಯವು 2019ರಲ್ಲಿ ಆ ಷರತ್ತನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ತೆಗೆದುಹಾಕಿತು. ಓದಿನ ಪ್ರಮಾಣಪತ್ರಕ್ಕಿಂತ ಚಾಲನೆಯ ಕೌಶಲ ಮತ್ತು ತರಬೇತಿಯೇ ರಸ್ತೆಯ ಸುರಕ್ಷತೆಗೆ ಮುಖ್ಯವೆಂಬುದು ಈ ನಿರ್ಧಾರದ ಹಿಂದಿನ ತರ್ಕ. ತರಗತಿಯ ಷರತ್ತು ಹೋದಷ್ಟೂ ಪರೀಕ್ಷೆಯ ಹೊಣೆ ಹೆಚ್ಚುತ್ತದೆ, ಏಕೆಂದರೆ ಅರ್ಹತೆಯನ್ನು ಅಳೆಯಲು ಉಳಿಯುವ ಮುಖ್ಯ ಸಾಧನ ಅದೊಂದೇ.

ತಿಳಿವಳಿಕೆ ಮತ್ತು ಕೌಶಲ

ಈ ಪರೀಕ್ಷೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಜನ ಎಲ್‌ಎಲ್‌ಆರ್ ಎನ್ನುವ ಕಲಿಕಾ ಪರವಾನಗಿಯದು. ಸಂಚಾರ ಚಿಹ್ನೆಗಳು, ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕರ ಕರ್ತವ್ಯ ಮುಂತಾದವುಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಶೇ. 60ಕ್ಕಾದರೂ ಸರಿಯುತ್ತರ ಕೊಟ್ಟವರಿಗೆ ಆರು ತಿಂಗಳು ನಡೆಯುವ ಈ ಪರವಾನಗಿ ಸಿಗುತ್ತದೆ. ಇದನ್ನು ಹೊಂದಿದವರು ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು ‘ಎಲ್’ ಅಕ್ಷರ ಹಾಕಿಕೊಂಡಿರಬೇಕು. ಕಾರು ಕಲಿಯುವಾಗ ಪರವಾನಗಿಯುಳ್ಳ ಶಿಕ್ಷಕರು ಪಕ್ಕದಲ್ಲಿ ಕುಳಿತಿರಬೇಕು.

ಎಲ್‌ಎಲ್‌ಆರ್ ಸಿಕ್ಕಿ ಕನಿಷ್ಠ 30 ದಿನಗಳಾದ ಮೇಲೆ ಎರಡನೆಯ ಹಂತದ ಚಾಲನಾ ಪರೀಕ್ಷೆ ನಡೆಯುತ್ತದೆ. ದ್ವಿಚಕ್ರ ವಾಹನದವರು ಕಾಲು ನೆಲಕ್ಕೆ ಊರದೆ ಎಂಟರ ಆಕಾರದ ಹಾದಿಯಲ್ಲಿ ಸುತ್ತಿ ಬರಬೇಕಾಗುತ್ತದೆ. ಕಾರಿನವರು ಕನ್ನಡಿಯನ್ನು ಸರಿಹೊಂದಿಸಿಕೊಂಡು ಹೊರಟು, ಇಕ್ಕಟ್ಟಾದ ಜಾಗಕ್ಕೆ ಹಿಮ್ಮುಖವಾಗಿ ಗಾಡಿ ತಿರುಗಿಸಿ, ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರಗೊಡದೆ ಮತ್ತೆ ಮುಂದಕ್ಕೆ ತೆಗೆದುಕೊಂಡು ಹೋಗಿ ತೋರಿಸಬೇಕು. ಫೇಲಾದವರು 7 ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಸಲವೂ ಫೇಲಾದರೆ 60 ದಿನ ಕಾಯಬೇಕು. 2021ರ ಜುಲೈನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸರಕಾರದ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಶಿಕ್ಷಣ ಮುಗಿಸಿ ತೇರ್ಗಡೆಯಾದವರಿಗೆ ಈ ಪರೀಕ್ಷೆಯಿಂದ ವಿನಾಯಿತಿ ಉಂಟು. ಸಾಮಾನ್ಯ ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರಕ್ಕೆ ಈ ವಿನಾಯಿತಿ ಇಲ್ಲ.

ವಾಹನದ ವರ್ಗ

ಪರವಾನಗಿಯನ್ನು ನಿರ್ದಿಷ್ಟ ವರ್ಗದ ವಾಹನಕ್ಕೆ ಕೊಡಲಾಗುತ್ತದೆ. 7,500 ಕಿಲೊ ತೂಕ ಮೀರದ ಕಾರು, ಆಟೊ, ಟ್ರಾಕ್ಟರುಗಳು ಲಘು ಮೋಟಾರು ವಾಹನದ ವರ್ಗಕ್ಕೆ ಸೇರುತ್ತವೆ. ಆದೋನಿಯ ಮಾರುಕಟ್ಟೆ ಯಾರ್ಡಿಗೆ ಹತ್ತಿ ತುಂಬಿಕೊಂಡು ಟ್ರಾಲಿಸಮೇತ ಬರುವ ಟ್ರಾಕ್ಟರಿಗೆ ಬೇರೆ ಪರವಾನಗಿ ಬೇಕೇ ಎಂಬ ಸಂದೇಹ ಸಹಜ. ಟ್ರಾಲಿ ಜೋಡಿಸಿ ಸರಕು ಸಾಗಿಸಿದ ಮಾತ್ರಕ್ಕೆ ಟ್ರಾಕ್ಟರಿನ ಪರವಾನಗಿ ನಿಷ್ಪ್ರಯೋಜಕವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2001ರಲ್ಲಿ ತೀರ್ಪಿತ್ತಿದೆ. ಮುಂದೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಲಘು ವಾಹನದ ಪರವಾನಗಿಯುಳ್ಳವರು ಅದೇ ತೂಕದ ಮಿತಿಯೊಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ನಡೆಸಬಹುದೆಂಬ 2017ರ ನಿಲುವನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯ ಪರಿಹಾರವು ಪರವಾನಗಿಯ ವರ್ಗದ ಮೇಲೂ ನಿಂತಿರುವುದರಿಂದ, ಆಟೊ ಮತ್ತು ಸಣ್ಣ ಸರಕು ಗಾಡಿಗಳ ಚಾಲಕರಿಗೆ ಈ ತೀರ್ಪು ದೊಡ್ಡ ಆಸರೆಯಾಗಿದೆ. ಭಾರೀ ವಾಹನ ನಡೆಸಲು ಬಯಸುವವರು ಮಾತ್ರ ಮೊದಲು ಒಂದು ವರ್ಷವಾದರೂ ಲಘು ವಾಹನದ ಪರವಾನಗಿ ಹೊಂದಿರಬೇಕು.

ವಾಸಸ್ಥಳ ಮತ್ತು ದಾಖಲೆ

ಅರ್ಜಿದಾರರು ತಾವು ವಾಸಿಸುವ ಅಥವಾ ಉದ್ಯೋಗ ನಡೆಸುವ ರಾಜ್ಯದಲ್ಲಿ ಅರ್ಜಿ ಹಾಕಬಹುದು. ತರಬೇತಿ ಪಡೆದ ಶಾಲೆ ಇರುವ ರಾಜ್ಯದಲ್ಲಿಯೂ ಹಾಕಬಹುದು. ಆದ್ದರಿಂದ ಸಿರುಗುಪ್ಪದ ತರಬೇತಿ ಶಾಲೆಯಲ್ಲಿ ಕಲಿತ ಹೊಳಗುಂದದ ವ್ಯಕ್ತಿಗೆ ಆಂಧ್ರ, ಕರ್ನಾಟಕ ಎರಡರ ಬಾಗಿಲೂ ತೆರೆದಿದೆ. ಆದರೆ ಒಬ್ಬರು ಏಕಕಾಲಕ್ಕೆ ಒಂದೇ ಪರವಾನಗಿ ಹೊಂದಿರಬೇಕೆಂದು 6ನೆಯ ಕಲಮು ಹೇಳುತ್ತದೆ. ಎಲ್ಲಿ ಪಡೆದರೂ ಅದು ಭಾರತದಾದ್ಯಂತ ಊರ್ಜಿತವಾಗಿರುವುದರಿಂದ ಎರಡನೆಯದರ ಅಗತ್ಯವೂ ಬೀಳುವುದಿಲ್ಲ. ಗುಳೆ ಹೋಗಿ ಬರುವ ಕುಟುಂಬಗಳಲ್ಲಿ ವಯಸ್ಸು ಮತ್ತು ವಿಳಾಸದ ದಾಖಲೆಗಳು ಇಲ್ಲದಿರುವುದುಂಟು. ಸಕಾರಣವಿದ್ದರೆ ಮ್ಯಾಜಿಸ್ಟ್ರೇಟ್ ಅಥವಾ ನೋಟರಿಯ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ಟನ್ನು ಅಧಿಕಾರಿ ಸ್ವೀಕರಿಸಬಹುದೆಂದು ನಿಯಮಗಳು ಅವಕಾಶ ಕಲ್ಪಿಸಿವೆ.

ಅವಧಿ ಮತ್ತು ಅನರ್ಹತೆ

30 ವರ್ಷ ತುಂಬದವರು ಪಡೆದ ಖಾಸಗಿ ವಾಹನದ ಪರವಾನಗಿ ಅವರಿಗೆ 40 ತುಂಬುವವರೆಗೆ, 30ರಿಂದ 50ರೊಳಗಿನವರದು 10 ವರ್ಷ, 50ರಿಂದ 55ರೊಳಗಿನವರದು 60 ತುಂಬುವವರೆಗೆ, ಅದರ ಮೇಲಿನವರದು 5 ವರ್ಷ ನಡೆಯುತ್ತದೆ. ಸಾರಿಗೆ ವಾಹನದ ಪರವಾನಗಿಯ ಅವಧಿ 5 ವರ್ಷ. ಅವಧಿ ಮುಗಿದು ಒಂದು ವರ್ಷ ಕಳೆದರೂ ನವೀಕರಿಸದವರು ಹೊಸಬರಂತೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ವಿಪರೀತ ಕುಡಿತ, ಮೋಸದಿಂದ ಪರವಾನಗಿ ಪಡೆದದ್ದು, ಅಪಾಯಕಾರಿ ಚಾಲನೆ ಮುಂತಾದ ಕಾರಣಗಳಿಗಾಗಿ ಅಧಿಕಾರಿಯು 19ನೆಯ ಕಲಮಿನಡಿ ಪರವಾನಗಿಯನ್ನು ಹಿಂಪಡೆಯಬಹುದಾಗಿದೆ. ಹಾಗಾಗಿ ಅರ್ಹತೆಯು ಪರೀಕ್ಷೆಯ ದಿನಕ್ಕೆ ಮುಗಿಯುವಂಥದ್ದಾಗಿರದೆ, ಚಾಲಕರು ರಸ್ತೆಯಲ್ಲಿರುವವರೆಗೂ ಕಾಪಾಡಿಕೊಳ್ಳಬೇಕಾದ ಹೊಣೆಯಾಗಿದೆ.