ಬೇರಿನಿಂದ ಬಿಲ್ಲೆಗೆ: ಮನೋರೋಗದ ಮಾತ್ರೆ ನಡೆದು ಬಂದ ದಾರಿ

ನವಿ ಮುಂಬಯಿಯ ಕೋಪರಖೈರಣೆಯ ಔಷಧದಂಗಡಿಗಳಲ್ಲಿ ಇಂದು ಒಲಾಂಜಪಿನ್, ರಿಸ್ಪೆರಿಡೋನ್, ಎಸ್ಸಿಟಾಲೋಪ್ರಾಂ ಎಂದು ಬರೆದ ಡಾಕ್ಟರ ಚೀಟಿ ಕೊಟ್ಟರೆ, ಬಿಪಿ–ಶುಗರ್ ಮಾತ್ರೆಯಷ್ಟೇ ಸಲೀಸಾಗಿ ಸ್ಟ್ರಿಪ್ ಕೈಗೆ ಬರುತ್ತದೆ. ವಾಶಿಯ ಎಪಿಎಂಸಿಯಲ್ಲಿ ಮೂಟೆ ಹೊರುವ ಮಾಥಾಡಿಯ ಮನೆಗೂ ಅದು ಹೋಗುತ್ತದೆ, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಕನ್ನಡಿಗರ ಮನೆಗೂ ಹೋಗುತ್ತದೆ. ಆದರೆ ಶುಗರ್ ಮಾತ್ರೆ ಊಟದ ಮೇಜಿನ ಮೇಲಿದ್ದರೆ, ಇದು ಬೀರುವಿನ ಒಳಮೂಲೆ ಸೇರುತ್ತದೆ. ನೆಂಟರು ಬಂದರೆ ‘ನಿದ್ದೆ ಮಾತ್ರೆ’ ಎನಿಸಿಕೊಳ್ಳುತ್ತದೆ. ಮನೆಯವರು ತಗ್ಗಿದ ದನಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಇದರಿಂದ ಪೂರ್ತಿ ಗುಣವಾಗುತ್ತದೆಯೇ? ಎಷ್ಟು ದಿನ ನುಂಗಬೇಕು?

ಇದಕ್ಕೆ ಉತ್ತರ ಬೇಕೆಂದರೆ ಈ ಮಾತ್ರೆಗಳು ಹುಟ್ಟಿದ ಬಗೆಯನ್ನು ನೋಡಬೇಕು. ಆ ಕತೆಯಲ್ಲಿ ಮುಂಬಯಿಗೆ ದೊಡ್ಡ ಪಾತ್ರವಿದೆ. ಬೆಂಗಳೂರು ಮತ್ತು ತೀರ್ಥಹಳ್ಳಿಗಳಿಗೂ ಇದೆ.

ಗೋಡೆಯೇ ಮದ್ದಾಗಿದ್ದ ಕಾಲ

ಕೋಪರಖೈರಣೆಯಿಂದ ಟ್ರಾನ್ಸ್-ಹಾರ್ಬರ್ ರೈಲು ಹಿಡಿದರೆ ಸಿಗುವ ಕೊನೆಯ ನಿಲ್ದಾಣ ಥಾಣೆ. ಅಲ್ಲಿನ ಮಾನಸಿಕ ಆಸ್ಪತ್ರೆ 1901ರದು. ಬೆಂಗಳೂರಿನ ಹುಚ್ಚಾಸ್ಪತ್ರೆ ಇನ್ನೂ ಹಳೆಯದು, 19ನೇ ಶತಮಾನದ ನಡುವಿನದು. ಅಂದಿನ ಚಿಕಿತ್ಸೆ ಎಂದರೆ ಗೋಡೆ, ಬೀಗ, ತೋಟದ ಕೆಲಸ ಮತ್ತು ಒಂದಿಷ್ಟು ನಿದ್ದೆ ಬರಿಸುವ ದ್ರಾವಣ. ಬೆಂಗಳೂರಿನಲ್ಲಿ ಫ್ರಾಂಕ್ ನೊರೊನ್ಹಾ, ಅವರ ಬಳಿಕ ಎಂ. ವಿ. ಗೋವಿಂದಸ್ವಾಮಿ ಆ ಆಸ್ಪತ್ರೆಯನ್ನು ದೇಶಕ್ಕೇ ಮಾದರಿಯಾಗುವಂತೆ ಕಟ್ಟಿದರು. ಆದರೂ ಅವರ ಕೈಯಲ್ಲಿದ್ದ ಸಾಧನಗಳು ಅಂದು ಜಗತ್ತಿನೆಲ್ಲೆಡೆ ಇದ್ದಂಥವೇ: ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಜಾಲ್ ಚುಚ್ಚಿ ಸೆಳೆತ ತರಿಸುವುದು, ಕೊನೆಗೆ ಮಿದುಳಿನ ಶಸ್ತ್ರಚಿಕಿತ್ಸೆ. ಒಳಗೆ ಹೋದವರು ಹೊರಗೆ ಬರುವ ಭರವಸೆ ಕಡಿಮೆ ಇತ್ತು.

ಸರ್ಪಗಂಧಿಯ ಬೇರು

ಔಷಧ ಮಾತ್ರ ಕಣ್ಣೆದುರೇ ಬೆಳೆಯುತ್ತಿತ್ತು. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಸಿಗುವ ಸರ್ಪಗಂಧಿಯ ಬೇರನ್ನು ಬಿಹಾರದ ಕಡೆ ‘ಪಾಗಲ್ ಕಿ ದವಾ’ ಎಂದೇ ಮಾರುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಈ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ಇಳಿಸುತ್ತದೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೊರಗಿನವರು ಕಿವಿಗೊಡಲಿಲ್ಲ.

ಕಿವಿಗೊಡುವಂತೆ ಮಾಡಿದವರು ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್. 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟವಾದ ಅವರ ಲೇಖನ ಸರ್ಪಗಂಧಿಯನ್ನು ಜಗತ್ತಿನ ವೈದ್ಯರ ಮೇಜಿಗೆ ತಂದಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿ, 1954ರಲ್ಲಿ ಗುಣ ಕಂಡಿತೆಂದು ವರದಿ ಮಾಡಿದರು.

ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಶಾಂತಗೊಳಿಸಲೆಂದು ಆನ್ರಿ ಲಾಬೊರಿ ಬಳಸಿದ ಕ್ಲೋರ್‌ಪ್ರೊಮಜಿನ್ ಅನ್ನು 1952ರಲ್ಲಿ ಜ್ಯಾಂ ದಲೇ ಮತ್ತು ಪಿಯೇರ್ ದೆನಿಕೆರ್ ಮನೋರೋಗಿಗಳ ಮೇಲೆ ಪ್ರಯೋಗಿಸಿದರು. ಕೂಗಾಡುತ್ತಿದ್ದ ವಾರ್ಡುಗಳು ತಣ್ಣಗಾದವು. 1957ರ ಲಾಸ್ಕರ್ ಪ್ರಶಸ್ತಿಯ ಪಟ್ಟಿಯಲ್ಲಿ ಲಾಬೊರಿ, ದೆನಿಕೆರ್, ಕ್ಲೈನ್ ಇವರ ಜೊತೆಗೆ ಮುಂಬಯಿಯ ವಕೀಲರ ಹೆಸರೂ ಇತ್ತು.

ಪೈಪೋಟಿಯಲ್ಲಿ ಗೆದ್ದದ್ದು ಕ್ಲೋರ್‌ಪ್ರೊಮಜಿನ್. ರೆಸರ್ಪಿನ್ ನಿಧಾನ, ಕೆಲವರಲ್ಲಿ ಖಿನ್ನತೆ ತರುತ್ತದೆಂಬ ದೂರೂ ಬಂತು. ಆದರೆ ಆಸ್ಪತ್ರೆಯಲ್ಲಿ ಸೋತ ಬೇರು ಪ್ರಯೋಗಾಲಯದಲ್ಲಿ ಗೆದ್ದಿತು. ರೆಸರ್ಪಿನ್ ಕೊಟ್ಟರೆ ಸೆರಟೋನಿನ್ ಎಂಬ ರಾಸಾಯನಿಕ ಬರಿದಾಗುತ್ತದೆಂದು 1955ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರೆಸರ್ಪಿನ್‌ನಿಂದ ಜಡವಾದ ಮೊಲಗಳಿಗೆ, ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. ಡೋಪಮಿನ್‌ನ ಮಹತ್ವ ಬೆಳಕಿಗೆ ಬಂದದ್ದು ಹೀಗೆ. 2000ದಲ್ಲಿ ಅವರಿಗೆ ನೊಬೆಲ್ ಸಂದಿತು. ಇಂದು ಮನೋವೈದ್ಯರು ‘ಮಿದುಳಿನ ರಾಸಾಯನಿಕ’ ಎಂದು ಮಾತು ತೆಗೆಯುವುದರ ಹಿಂದೆ ನಮ್ಮ ಕಾಡಿನ ಒಂದು ಬೇರಿದೆ.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಉಳಿದ ಮಾತ್ರೆಗಳ ಜಾತಕವೂ ಇದೇ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಬೇರೇನನ್ನೋ ಪರೀಕ್ಷಿಸುತ್ತ ಗಿನಿಹಂದಿಗಳಿಗೆ ಲಿಥಿಯಂ ಲವಣ ಚುಚ್ಚಿದಾಗ ಅವು ಸುಮ್ಮನಾದವು. ಉನ್ಮಾದಕ್ಕೆ ಲಿಥಿಯಂ ಬಂತು. ಕ್ಷಯರೋಗಕ್ಕೆಂದು ಕೊಟ್ಟ ಇಪ್ರೊನಿಯಜಿಡ್ ರೋಗಿಗಳಲ್ಲಿ ಹುರುಪು ತುಂಬಿತು. ಖಿನ್ನತೆಯ ಔಷಧಗಳ ಸಾಲು ಶುರುವಾಯಿತು. ಕ್ಲೋರ್‌ಪ್ರೊಮಜಿನ್‌ನ ದಾಯಾದಿಯೆಂದು ಸ್ಕಿಜೋಫ್ರೇನಿಯಾಗೆ ಕೊಟ್ಟು ನೋಡಿದ ಇಮಿಪ್ರಮಿನ್ ಅಲ್ಲಿ ಸೋತು, ರೋಲಾಂಡ್ ಕೂನ್ ಅವರ ಕೈಯಲ್ಲಿ ಖಿನ್ನತೆಯ ಮದ್ದಾಯಿತು.

ರೋಗದ ಬೇರನ್ನು ಕಂಡುಹಿಡಿದು ಅದನ್ನು ಕತ್ತರಿಸಲು ಯಾರೂ ಈ ಮಾತ್ರೆಗಳನ್ನು ತಯಾರಿಸಲಿಲ್ಲ. ರೋಗಿಯಲ್ಲಿ ಬದಲಾವಣೆ ಕಂಡರು, ಮದ್ದು ಹಿಡಿದರು, ಕಾರಣವನ್ನು ಆಮೇಲೆ ಹುಡುಕಿದರು. ಆ ಹುಡುಕಾಟ ಇನ್ನೂ ಮುಗಿದಿಲ್ಲ. ಖಿನ್ನತೆ ಎಂದರೆ ಸೆರಟೋನಿನ್ ಕೊರತೆ ಎಂಬ ಸರಳ ವಿವರಣೆಗೆ ಗಟ್ಟಿ ಪುರಾವೆಯಿಲ್ಲವೆಂದು 2022ರ ಒಂದು ಸಮಗ್ರ ವಿಮರ್ಶೆ ವಾದಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಆದರೆ ಕಾರಣ ತಿಳಿಯದ ಮಾತ್ರಕ್ಕೆ ಪರಿಣಾಮ ಸುಳ್ಳಾಗುವುದಿಲ್ಲ. ಈ ಮಾತ್ರೆಗಳನ್ನು ತೂಗಬೇಕಾದದ್ದು ಪರಿಣಾಮದಿಂದಲೇ.

ಅಗ್ಗವಾದ ಬಗೆ

1963ರಲ್ಲಿ ಸೀಬಾ ಕಂಪನಿ ಮುಂಬಯಿಯ ಗೋರೆಗಾಂವಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಖಿನ್ನತೆಗೆ ‘ಸಿಂಟಾಮಿಲ್’ ಎಂಬ ಔಷಧ ಅಲ್ಲಿಂದಲೇ ಬಂತು. ಇದಕ್ಕಿಂತ ದೊಡ್ಡ ತಿರುವು 1970ರ ಪೇಟೆಂಟ್ ಕಾಯ್ದೆ. ಔಷಧದ ಮೇಲಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಹಕ್ಕು ಎಂದಾದ ಮೇಲೆ ನಮ್ಮ ಕಂಪನಿಗಳು ಬೇರೆ ದಾರಿಯಲ್ಲಿ ಅದೇ ಔಷಧ ಮಾಡಿದವು. ಉತ್ಪನ್ನದ ಪೇಟೆಂಟ್ 2005ರಲ್ಲಿ ಮರಳಿ ಬರುವ ಮೊದಲೇ ರಿಸ್ಪೆರಿಡೋನ್, ಒಲಾಂಜಪಿನ್ ಇಲ್ಲಿ ಅಗ್ಗದ ಮಾತ್ರೆಗಳಾಗಿದ್ದವು. ಕೂಲಿಯ ಮನೆಗೆ ಸ್ಟ್ರಿಪ್ ತಲುಪಿದ್ದು ವಿಜ್ಞಾನದಿಂದ ಎಷ್ಟೋ, ಈ ಕಾಯ್ದೆಯಿಂದಲೂ ಅಷ್ಟೇ.

ತೀರ್ಥಹಳ್ಳಿಯ ಸಾಕ್ಷಿ

ಆಸ್ಪತ್ರೆಯೊಳಗೆ ಕೆಲಸ ಮಾಡಿದ ಮದ್ದು ಹಳ್ಳಿಯಲ್ಲೂ ಮಾಡುತ್ತದೆಯೇ? 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಮರುವರ್ಷಗಳಲ್ಲೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಕೇಂದ್ರ ನಡೆಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಗಳಿಂದ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ, ಬಿ. ಎನ್. ಗಂಗಾಧರ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ ವರ್ಷಗಟ್ಟಲೆ ಗಮನಿಸಿದರು. 2009ರಲ್ಲಿ ಪ್ರಕಟವಾದ ಅವರ ಫಲಿತಾಂಶ ನೇರವಾಗಿತ್ತು: ಔಷಧ ತೆಗೆದುಕೊಂಡವರ ಅಂಗವೈಕಲ್ಯ ಗಮನಾರ್ಹವಾಗಿ ಇಳಿಯಿತು, ತೆಗೆದುಕೊಳ್ಳದವರದು ಬಹುಮಟ್ಟಿಗೆ ಇದ್ದಲ್ಲೇ ಉಳಿಯಿತು. ಅಂಗವೈಕಲ್ಯವೆಂದರೆ ಇಲ್ಲಿ ಸ್ನಾನ ಮಾಡುವುದು, ಮನೆಯವರೊಡನೆ ಬೆರೆಯುವುದು, ದುಡಿಯುವುದು ಇವುಗಳ ಅಳತೆ. ‘ಮದುವೆ ಮಾಡಿದರೆ ಸರಿಹೋದಾನು’, ‘ಗಾಳಿ ಸೋಕಿದೆ’ ಎನ್ನುವ ಮಾತುಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಕನ್ನಡ ನೆಲದಲ್ಲಿ ಸಿಗಲಾರದು.

ಎಷ್ಟು ನಂಬಬೇಕು?

ಜಗತ್ತಿನ ಅಂಕಿಗಳೂ ಇದೇ ಕಡೆಗೆ ಬೆರಳು ತೋರುತ್ತವೆ, ಮಿತಿಯನ್ನೂ ಹೇಳುತ್ತವೆ. ಸ್ಕಿಜೋಫ್ರೇನಿಯಾದ 65 ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ‘ಲ್ಯಾನ್ಸೆಟ್’ ಲೇಖನದ ಪ್ರಕಾರ, ಮಾತ್ರೆ ಮುಂದುವರಿಸಿದವರಲ್ಲಿ ವರ್ಷದೊಳಗೆ ರೋಗ ಮರುಕಳಿಸಿದ್ದು ಶೇ 27. ಔಷಧವಿಲ್ಲದ ಹುಸಿಮಾತ್ರೆಗೆ ಬದಲಾದವರಲ್ಲಿ ಶೇ 64. ಆದರೆ ಮಾತ್ರೆಯಲ್ಲಿದ್ದೂ ಮರುಕಳಿಸಿದ ಆ ಶೇ 27 ಮಂದಿಯ ಮನೆಗಳನ್ನೂ ಮರೆಯಬಾರದು. ಖಿನ್ನತೆಯಲ್ಲಿ ಲಾಭ ಇನ್ನೂ ಸಾಧಾರಣ: 522 ಪ್ರಯೋಗಗಳ 2018ರ ವಿಶ್ಲೇಷಣೆಯಲ್ಲಿ 21 ಔಷಧಗಳೂ ಹುಸಿಮಾತ್ರೆಗಿಂತ ಮೇಲೆಂದು ಕಂಡವು, ಅಂತರ ಮಾತ್ರ ಸರಾಸರಿಯಲ್ಲಿ ಚಿಕ್ಕದು. ಅಮೆರಿಕದ ‘ಸ್ಟಾರ್-ಡಿ’ ಅಧ್ಯಯನದಲ್ಲಿ ಮೊದಲ ಔಷಧಕ್ಕೇ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂವರಲ್ಲಿ ಒಬ್ಬರು. ಉಳಿದವರಿಗೆ ಔಷಧ ಬದಲಿಸಬೇಕು, ಇನ್ನೊಂದು ಸೇರಿಸಬೇಕು, ಮಾತಿನ ಚಿಕಿತ್ಸೆಯ ನೆರವು ಪಡೆಯಬೇಕು.

ಬೆಲೆಯೂ ತೆರಬೇಕಾಗುತ್ತದೆ. ಹಳೆಯ ಮಾತ್ರೆಗಳು ಕೈನಡುಕ, ಮೈಬಿಗಿತ ತಂದವು. ಹೊಸವು ಹೊಟ್ಟೆ ಬೆಳೆಸಿ ಶುಗರ್ ಏರಿಸುತ್ತವೆ. ಬೇರೆಲ್ಲ ಸೋತಾಗ ಗೆಲ್ಲಬಲ್ಲ ಕ್ಲೋಜಪಿನ್ 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಸಾವು ತಂದು ಬದಿಗೆ ಸರಿಯಿತು. 1988ರ ಪ್ರಯೋಗದಲ್ಲಿ, ಬೇರೆ ಔಷಧಗಳಿಗೆ ಜಗ್ಗದ ರೋಗಿಗಳಲ್ಲಿ ಶೇ 30 ಮಂದಿಗೆ ಗುಣ ತೋರಿ ಮರಳಿ ಬಂತು. ಕ್ಲೋರ್‌ಪ್ರೊಮಜಿನ್‌ನಿಂದ ಗುಣ ಕಂಡವರು ಶೇ 4 ಮಾತ್ರ. ಅಂದಿನಿಂದ ರಕ್ತಪರೀಕ್ಷೆ ಇಲ್ಲದೆ ಅದನ್ನು ಕೊಡುವಂತಿಲ್ಲ.

ಹಾಗಾಗಿ ಮನೆಯವರ ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಷ್ಟು: ಈ ಮಾತ್ರೆಗಳು ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್‌ನಂತೆ ರೋಗವನ್ನು ಕಿತ್ತೊಗೆಯುವುದಿಲ್ಲ, ಬಹಳ ಮಂದಿಯಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟು, ಕೆಲಸ, ಸಂಸಾರ, ಸ್ನೇಹಗಳಿಗೆ ಜಾಗ ಮಾಡಿಕೊಡುತ್ತವೆ. ಎರಡನೆಯದಕ್ಕೆ ಉತ್ತರ ರೋಗವನ್ನು ಅವಲಂಬಿಸಿದೆ. ಮೊದಲ ಸಲದ ಖಿನ್ನತೆಯಲ್ಲಿ ಚೇತರಿಸಿದ ಮೇಲೂ ಕೆಲವು ತಿಂಗಳು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಲ್ಲಿ ಅನೇಕರಿಗೆ ವರ್ಷಗಳು. ಚೆನ್ನಾಗಿದ್ದೇನೆಂದು ತಾನಾಗಿ ನಿಲ್ಲಿಸುವುದೇ ಮರುಕಳಿಸುವುದಕ್ಕೆ ದೊಡ್ಡ ದಾರಿ. ಕಡಿಮೆ ಮಾಡುವುದಿದ್ದರೆ ವೈದ್ಯರೊಡನೆ, ಮೆಲ್ಲಗೆ.

ನಿಮ್ಹಾನ್ಸ್ ಮುಂದಾಳತ್ವದ 2016ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಬಹುತೇಕ ಕಾಯಿಲೆಗಳಲ್ಲಿ ಚಿಕಿತ್ಸೆಯಿಂದ ಹೊರಗುಳಿದವರು ಶೇ 70ಕ್ಕೂ ಹೆಚ್ಚು. ಅಂದರೆ ನಮ್ಮಲ್ಲಿ ದೊಡ್ಡ ಸೋಲು ಮಾತ್ರೆಯದಲ್ಲ, ಮಾತ್ರೆ ತಲುಪದೇ ಇರುವುದರದ್ದು. ಮರಾಠಿ, ಹಿಂದಿಯಲ್ಲಿ ಮನಸ್ಸು ಬಿಚ್ಚಲು ತಡವರಿಸುವ ಕೋಪರಖೈರಣೆಯ ಕನ್ನಡಿಗರಿಗೆ ಒಂದು ಉಪಯುಕ್ತ ಮಾಹಿತಿ: 2022ರಲ್ಲಿ ಶುರುವಾದ ಸರ್ಕಾರಿ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ತಾಸೂ ತೆರೆದಿರುತ್ತದೆ, ಅದು ನೆರವಾಗುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ.